ನಿಮಿರುವಿಕೆಯ ತೊಂದರೆ ನರದ್ದೋ, ರಕ್ತದ್ದೋ, ಮನಸ್ಸಿನದ್ದೋ? ತಿಳಿದವರು ಬಿಡಿಸಿ ಹೇಳಿ

ತೋಟದಮನೆ (ವಿರಾಜಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ಈ ವೇದಿಕೆಯಲ್ಲಿ ನಾನು ಇದುವರೆಗೆ ಬರೆದಿರುವುದೆಲ್ಲ ಕಾಳುಮೆಣಸಿನ ಸೊರಗು ರೋಗ, ಕಾಫಿಯ ಬೆಲೆ ಮತ್ತು ಆನೆ ಕಂದಕಗಳ ಕುರಿತಾಗಿಯೇ. ಈ ಬಾರಿಯ ಪ್ರಶ್ನೆ ನೋಡಿ ಹಳೆಯ ಪರಿಚಿತರು ಹುಬ್ಬೇರಿಸಬಹುದು. ಏರಿಸಲಿ.

ನನಗೆ 49 ವರ್ಷ. ಕಳೆದ ಒಂದೂವರೆ ವರ್ಷದಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ಆದಾಗಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮನೆಯವಳೊಂದಿಗೆ ಮನಸ್ತಾಪವೇನೂ ಇಲ್ಲ, ಆಸೆಯೂ ಬತ್ತಿಲ್ಲ. ಗೆಳೆಯರೊಬ್ಬರು, ತಿಂಗಳಿಗೊಮ್ಮೆ ಪೇಟೆಯ ಲಾಡ್ಜಿಗೆ ಬಂದು ಕೂರುವ ಒಬ್ಬ ‘ವೈದ್ಯ’ರ ಬಳಿಗೆ ನನ್ನನ್ನು ಕರೆದುಕೊಂಡು ಹೋದರು. ನಾಡಿ ಹಿಡಿದು ಅರ್ಧ ನಿಮಿಷವೂ ಆಗಿರಲಿಲ್ಲ, ‘ಚಿಕ್ಕ ವಯಸ್ಸಿನ ಕೈಚಟದಿಂದ ನರ ಸಡಿಲವಾಗಿದೆ’ ಎಂದು ಅವರು ತೀರ್ಪು ಕೊಟ್ಟು, ಜೇನಿನಲ್ಲಿ ಕಲಸಿ ತಿನ್ನಬೇಕಾದ ಒಂದು ಡಬ್ಬಿ ಕಂದು ಪುಡಿಗೆ 6,500 ರೂಪಾಯಿ ತೆಗೆದುಕೊಂಡರು. ತಮಾಷೆಯೆಂದರೆ, ಪುಡಿ ಮೊದಲ ದಿನವೇ ಕೆಲಸ ಮಾಡಿತು. ಮುಖ ಬಿಸಿಯಾಯಿತು, ಮೂಗು ಕಟ್ಟಿತು, ತಲೆ ಸಿಡಿಯಿತು; ಆದರೆ ಕೆಲಸ ಮಾಡಿತು.

ಡಬ್ಬಿ ಈಗ ಮುಗಿಯುತ್ತಾ ಬಂದಿದೆ. ಇನ್ನೊಂದನ್ನು ಕೊಳ್ಳುವ ಮೊದಲು ನನಗೆ ತಿಳಿಯಬೇಕಾಗಿರುವುದು ಇಷ್ಟೇ: ಈ ಅಂಗ ಕೆಲಸ ಮಾಡುವುದಾದರೂ ಹೇಗೆ? ನರ ಸಡಿಲವಾಗುವುದು ಎಂದರೇನು? ಪಂಪ್‌ಸೆಟ್ಟು ಕೆಟ್ಟರೆ ಬಿಚ್ಚಿ ನೋಡುವ ಅಭ್ಯಾಸ ನನ್ನದು. ಇದನ್ನು ಬಿಚ್ಚಿ ನೋಡುವ ಹಾಗಿಲ್ಲ.

ಹಾಕಿಹುಚ್ಚ

ಆ ಲಾಡ್ಜಿನ ವಿಳಾಸವನ್ನು ಖಾಸಗಿಯಾಗಿ ಕಳುಹಿಸಿದರೆ ಉಪಕಾರವಾಗುತ್ತದೆ. ನನಗಲ್ಲ, ನನ್ನ ಗೆಳೆಯನೊಬ್ಬನಿಗೆ.

ನಿವೃತ್ತಮೇಷ್ಟ್ರು (ಪೊನ್ನಂಪೇಟೆ)

ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನು ನಾನು, ಮತ್ತು ಆ ಮೂವತ್ತು ವರ್ಷವೂ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚಿದವನು. ಆ ಬಾಕಿಯನ್ನು ಈಗ ತೀರಿಸುತ್ತೇನೆ.

ಶಿಶ್ನದಲ್ಲಿ ಎಲುಬಿಲ್ಲ. ನಾಯಿಗೆ ಇದೆ, ಅನೇಕ ಜಾತಿಯ ಕೋತಿಗಳಿಗೂ ಇದೆ, ಮನುಷ್ಯನಿಗಿಲ್ಲ. ಒಳಗೆ ಉದ್ದಕ್ಕೂ ಸ್ಪಂಜಿನಂತಹ ಮೂರು ಕಂಬಗಳಿವೆ. ಮೇಲ್ಗಡೆ ಅಕ್ಕಪಕ್ಕದಲ್ಲಿರುವ ಎರಡು ದೊಡ್ಡ ಕಂಬಗಳು ರಕ್ತ ತುಂಬಿಕೊಂಡು ಬಿಗಿಯಾಗುವಂಥವು. ಕೆಳಗಿನ ಮೂರನೆಯದರ ನಡುವೆ ಮೂತ್ರ ಮತ್ತು ವೀರ್ಯ ಹೊರಬರುವ ನಾಳ ಹಾದುಹೋಗುತ್ತದೆ, ಅದರ ತುದಿಯೇ ಹಿಗ್ಗಿ ಮುಂಭಾಗದ ಮಣಿಯಾಗಿದೆ. ನಿಮ್ಮ ಗದ್ದೆಯನ್ನು ನೆನೆಯಿರಿ. ನೀರು ಬರುವ ತೂಬನ್ನು ತೆರೆದು, ಹೊರಹೋಗುವ ಕಂಡಿಯನ್ನು ಮುಚ್ಚಿದರೆ ಮಡಿ ತುಂಬಿ ನಿಲ್ಲುತ್ತದೆ. ನಿಮಿರುವಿಕೆ ಎಂದರೆ ಇಷ್ಟೇ. ತೂಬು ತೆರೆಯುವುದು ಮತ್ತು ಕಂಡಿ ಮುಚ್ಚುವುದು ನರದ ಕೆಲಸ, ತುಂಬುವುದು ರಕ್ತದ ಕೆಲಸ.

ಕುಶಾಲನಗರದವೈದ್ಯ

ಮೇಷ್ಟ್ರ ಗದ್ದೆ ನನಗೆ ಬಹಳ ಹಿಡಿಸಿತು, ಆದರೆ ಕಂಡಿಯ ವಿಷಯದಲ್ಲಿ ತಕರಾರಿದೆ. ಅಲ್ಲಿ ಕಂಡಿಯನ್ನು ಮುಚ್ಚುವವರು ಯಾರೂ ಇಲ್ಲ. ಆ ಎರಡು ಕಂಬಗಳ ಸುತ್ತ ಅಷ್ಟಾಗಿ ಹಿಗ್ಗದ ಒಂದು ಗಟ್ಟಿ ಪೊರೆಯ ಕವಚವಿದೆ. ಸ್ಪಂಜು ರಕ್ತದಿಂದ ಉಬ್ಬಿದಂತೆಲ್ಲ, ರಕ್ತವನ್ನು ಹೊರಗೊಯ್ಯುವ ಸಣ್ಣ ಅಭಿಧಮನಿಗಳು ಉಬ್ಬಿದ ಸ್ಪಂಜಿಗೂ ಈ ಕವಚಕ್ಕೂ ನಡುವೆ ಸಿಕ್ಕಿ ಚಪ್ಪಟೆಯಾಗುತ್ತವೆ. ತುಂಬುವಿಕೆಯೇ ಕಂಡಿಯನ್ನು ಮುಚ್ಚುತ್ತದೆ. ಆದ್ದರಿಂದ ಒಳಹರಿವು ಮಂದವಾದರೆ ಹೊರಹರಿವೂ ನಿಲ್ಲುವುದಿಲ್ಲ, ಮಡಿ ಅರ್ಧ ತುಂಬಿ ಸೋರಿಹೋಗುತ್ತದೆ. ‘ಆದಾಗಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ’ ಎಂದು ತೋಟದಮನೆಯವರು ಬರೆದಿರುವುದರ ಒಂದು ವಿವರಣೆ ಇಲ್ಲಿದೆ.

ಇನ್ನು ತೂಬು. ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ನರಗಳು ಅಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತವೆ, ರಕ್ತನಾಳದ ಒಳಪದರವೂ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಅದರಿಂದ ಜೀವಕೋಶದೊಳಗೆ ಸಿಜಿಎಂಪಿ ಎಂಬ ರಾಸಾಯನಿಕ ಹೆಚ್ಚಿ, ನಾಳದ ಗೋಡೆಯ ನಯವಾದ ಸ್ನಾಯು ಸಡಿಲಗೊಂಡು, ರಕ್ತ ನುಗ್ಗುತ್ತದೆ. ಹೌದು, ಸಡಿಲಗೊಂಡು. ಬಿಗಿ ಬರುವುದು ಸ್ನಾಯು ಸಡಿಲವಾದಾಗ, ಇಳಿಯುವುದು ಅದೇ ಸ್ನಾಯು ಬಿಗಿಯಾದಾಗ. ಲಾಡ್ಜಿನವರು ಹೇಳಿದ ‘ಸಡಿಲ’ ತಲೆಕೆಳಗಾಗಿದೆ. ನರವೆಂಬುದು ಹಗ್ಗವಲ್ಲ, ಜೋತುಬೀಳುವುದಿಲ್ಲ. ಹಸ್ತಮೈಥುನದಿಂದ ಅದಕ್ಕೆ ಏನೂ ಆಗುವುದಿಲ್ಲ.

ಈಗ ನಿಮ್ಮ ಪುಡಿಗೆ ಬರುತ್ತೇನೆ. ಆ ಸಿಜಿಎಂಪಿಯನ್ನು ಒಡೆದುಹಾಕುವ ಕಿಣ್ವವೊಂದಿದೆ, ಅದನ್ನು ತಡೆಯುವ ಮಾತ್ರೆಯೇ ಸಿಲ್ಡೆನಾಫಿಲ್. ಅದರ ಅಡ್ಡಪರಿಣಾಮಗಳು ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ತಲೆನೋವು. ನಿಮ್ಮ ಮಾತುಗಳನ್ನೇ ಇನ್ನೊಮ್ಮೆ ಓದಿಕೊಳ್ಳಿ. ಗಿಡಮೂಲಿಕೆ ಎಂಬ ಹೆಸರಿನಲ್ಲಿ ಮಾರಾಟವಾಗುವ ಅನೇಕ ಉತ್ಪನ್ನಗಳಲ್ಲಿ ಈ ಔಷಧವನ್ನು ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಲವು ಬಾರಿ ಪತ್ತೆಹಚ್ಚಿದೆ. ನಿಮ್ಮ ಡಬ್ಬಿಯಲ್ಲಿ ಏನಿದೆ ಎಂದು ಇಲ್ಲಿ ಕೂತು ನಾನು ಪ್ರಮಾಣ ಮಾಡಲಾರೆ, ಆದರೆ ನನ್ನ ಅನುಮಾನ ಅತ್ತಲೇ ಇದೆ. ದಯವಿಟ್ಟು ನಿಲ್ಲಿಸಿ.

ಜೇನುಕಲ್ಲು

ಡಾಕ್ಟರೇ, ಒಂದು ಡಬ್ಬಿಯ ನೆಪದಲ್ಲಿ ನಾಟಿ ಮದ್ದನ್ನೆಲ್ಲ ಗುಡಿಸಿ ಹಾಕಬೇಡಿ. ನಾವು ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಣ್ಣುವವರು. ನಮ್ಮ ಅಜ್ಜಂದಿರು ಯಾವ ಮಾತ್ರೆಯನ್ನೂ ನುಂಗದೆ ಹತ್ತು ಮಕ್ಕಳನ್ನು ಹೆತ್ತರು.

ಏಲಕ್ಕಿಅಕ್ಕ (ನಾಪೋಕ್ಲು ಕಡೆ)

ಹೆತ್ತವರು ಅಜ್ಜಿಯಂದಿರು.

ಕುಶಾಲನಗರದವೈದ್ಯ

ಜೇನುಕಲ್ಲು ಅಣ್ಣ, ಮದ್ದುಸೊಪ್ಪಿನ ಮೇಲೆ ನನಗೆ ದೂರಿಲ್ಲ. ಆಗಸ್ಟ್ 3ರ ಆಸುಪಾಸಿನಲ್ಲಿ ನಾನೂ ತಿನ್ನುತ್ತೇನೆ. ಅದನ್ನು ಉಂಡ ಮರುದಿನ ಮೂತ್ರ ಕೆಂಪಾಗುತ್ತದೆ, ರಕ್ತವೆಂದು ಹೆದರಿ ಓಡಿಬಂದ ಹೊರಊರಿನ ಹುಡುಗರನ್ನು ನಾನು ಸಮಾಧಾನ ಮಾಡಿ ಕಳುಹಿಸಿದ್ದೇನೆ. ಆ ಸೊಪ್ಪು ತಾನು ಒಳಗೆ ಹೋಗಿರುವುದನ್ನು ಬಣ್ಣ ತೋರಿಸಿ ಒಪ್ಪಿಕೊಳ್ಳುತ್ತದೆ. ಚೀಟಿಯಿಲ್ಲದ ಡಬ್ಬಿಯ ಪುಡಿ ಒಪ್ಪಿಕೊಳ್ಳುವುದಿಲ್ಲ. ನನ್ನ ಜಗಳ ಅಷ್ಟರ ಮೇಲೆಯೇ. ಹೃದ್ರೋಗಿಯೊಬ್ಬರು ಎದೆನೋವಿಗೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರಾಗಿದ್ದು, ತಿಳಿಯದೆ ಇಂತಹ ಪುಡಿಯನ್ನೂ ತಿಂದರೆ ರಕ್ತದೊತ್ತಡ ಪಾತಾಳಕ್ಕಿಳಿದು ಜೀವವೇ ಹೋಗಬಹುದು.

ನಿವೃತ್ತಮೇಷ್ಟ್ರು

ಕಂಡಿಯ ತಿದ್ದುಪಡಿಯನ್ನು ಒಪ್ಪಿದೆ. ಇದರ ಜೊತೆಗೆ ಒಂದು ಸ್ವಾರಸ್ಯ. ಸಿಲ್ಡೆನಾಫಿಲ್‌ನ್ನು ಮೊದಲು ಪರೀಕ್ಷಿಸಿದ್ದು ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿಗಾಗಿ. ಅಲ್ಲಿ ಅದು ಅಷ್ಟಾಗಿ ಕೈಹಿಡಿಯಲಿಲ್ಲ, ಆದರೆ ಪ್ರಯೋಗಕ್ಕೆ ಒಳಗಾದ ಗಂಡಸರಲ್ಲಿ ಇನ್ನೊಂದು ಪರಿಣಾಮ ಕಂಡುಬಂತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1998ರ ಮಾರ್ಚಿನಲ್ಲಿ. ನೈಟ್ರಿಕ್ ಆಕ್ಸೈಡ್ ದೇಹದೊಳಗೆ ಸಂದೇಶವಾಹಕ ಎಂದು ತೋರಿಸಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಎಂಬ ಮೂವರಿಗೆ ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ.

ಹಾಕಿಹುಚ್ಚ

ಹಾಗಾದರೆ ಆ ಮಾತ್ರೆ ನುಂಗಿದೊಡನೆ ತಾನಾಗಿಯೇ ಆಗಿಬಿಡುತ್ತದೆಯೇ? ಗೆಳೆಯ ಕೇಳುತ್ತಿದ್ದಾನೆ.

ಕುಶಾಲನಗರದವೈದ್ಯ

ಇಲ್ಲ. ತೂಬು ತೆರೆಯಬೇಕಾದದ್ದು ಆಸೆ ಮತ್ತು ಸ್ಪರ್ಶವೇ. ತೆರೆದ ತೂಬು ಬೇಗ ಮುಚ್ಚಿಹೋಗದಂತೆ ನೋಡಿಕೊಳ್ಳುವುದಷ್ಟೇ ಮಾತ್ರೆಯ ಕೆಲಸ. ಅದನ್ನೂ ವೈದ್ಯರು ಹೃದಯ ಮತ್ತು ಇತರ ಔಷಧಗಳ ವಿವರ ಕೇಳಿ ಬರೆದುಕೊಟ್ಟ ಮೇಲೆಯೇ ತೆಗೆದುಕೊಳ್ಳಬೇಕು. ಕಡಂಬುಟ್ಟು, ಪಂದಿಕರಿ ಹೊಟ್ಟೆ ತುಂಬ ಉಂಡು ನುಂಗಿದರೆ ಇನ್ನೂ ಒಂದು ಗಂಟೆ ತಡವಾಗಬಹುದು, ಏಕೆಂದರೆ ಕೊಬ್ಬಿನ ಊಟದ ಜೊತೆಗೆ ಅದು ರಕ್ತಕ್ಕೆ ಸೇರುವುದು ನಿಧಾನ. ನಾಲ್ಕು ಗಂಟೆ ಕಳೆದರೂ ನಿಮಿರುವಿಕೆ ಇಳಿಯದಿದ್ದರೆ ಅದು ಜಂಭದ ವಿಷಯವಲ್ಲ, ತುರ್ತು ಚಿಕಿತ್ಸೆಯ ವಿಷಯ. ನಿಂತ ರಕ್ತದಲ್ಲಿ ಆಮ್ಲಜನಕ ಮುಗಿದು ಒಳಗಿನ ಅಂಗಾಂಶ ಸಾಯತೊಡಗುತ್ತದೆ. ಗೆಳೆಯನಿಗೆ ತಿಳಿಸಿ.

ಬೆಟ್ಟದದಾರಿ

ಈ ವೇದಿಕೆಯಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಓದುವ ವಯಸ್ಸಿನ ಮಕ್ಕಳೂ ಇದ್ದಾರೆ. ಇಂತಹ ಚರ್ಚೆಯನ್ನು ವೈದ್ಯರ ಕೊಠಡಿಯಲ್ಲಿ ಮಾಡಿಕೊಳ್ಳುವುದು ಒಳಿತಲ್ಲವೇ? ಸಂಚಾಲಕರು ಗಮನಿಸಬೇಕಾಗಿ ವಿನಂತಿ.

ಏಲಕ್ಕಿಅಕ್ಕ

ಬೆಟ್ಟದದಾರಿಯವರೇ, ನಾನು ಹೆಣ್ಣುಮಗಳು, ಓದುತ್ತಲೂ ಇದ್ದೇನೆ. ನಾಚಿಕೆಯಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ.

ಮೂರು ವರ್ಷದ ಹಿಂದೆ ಜುಲೈ ತಿಂಗಳ ಒಂದು ರಾತ್ರಿ. ಹಂಚಿನ ಮೇಲೆ ಮಳೆಯ ಸದ್ದಿಗೆ ಪಕ್ಕದ ಕೋಣೆಯ ಮಾತೂ ಕೇಳಿಸುತ್ತಿರಲಿಲ್ಲ. ಹದಿನಾಲ್ಕು ವರ್ಷದ ಮಗ ಎರಡು ಗಂಟೆಯ ಹೊತ್ತಿಗೆ ಎದ್ದು ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡ. ಏನೆಂದು ಕೇಳಿದರೆ ‘ಹೊಟ್ಟೆನೋವು’ ಎಂದ. ನಾನು ಒಲೆ ಹೊತ್ತಿಸಿ ಜೀರಿಗೆ ಕಷಾಯ ಕಾಯಿಸಿ ಕೊಟ್ಟೆ. ಅವನು ಮಂಡಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ. ನೋವು ಎಲ್ಲಿ ಎಂದು ನಾನು ಬೆರಳಿಟ್ಟು ಕೇಳಿದಾಗಲೆಲ್ಲ ಹೊಕ್ಕುಳ ಕೆಳಗೆ ತೋರಿಸಿ ಕೈ ಸರಿಸುತ್ತಿದ್ದ. ಬೆಳಿಗ್ಗೆ ಅವನ ಮಾವ ಬಂದ ಮೇಲೆ ಅವರ ಕಿವಿಯಲ್ಲಿ ಮಾತ್ರ ಹೇಳಿದನಂತೆ, ಒಂದು ಬೀಜ ಊದಿ ಮೇಲಕ್ಕೆ ಸೇರಿಕೊಂಡಿದೆ ಎಂದು. ದಾರಿಯಲ್ಲಿ ಮರ ಬಿದ್ದಿತ್ತು. ಜೀಪಿನಲ್ಲಿ ಸುತ್ತುಬಳಸಿ ಆಸ್ಪತ್ರೆ ಸೇರುವಷ್ಟರಲ್ಲಿ ಹತ್ತು ಗಂಟೆ ದಾಟಿತ್ತು. ವೃಷಣ ತನ್ನ ನಾಳದ ಮೇಲೆಯೇ ತಿರುಚಿಕೊಂಡು ರಕ್ತ ನಿಂತುಹೋಗಿದೆ, ಅದು ಕಪ್ಪಾಗಿದೆ, ತೆಗೆಯಬೇಕು ಎಂದರು. ಆರು ಗಂಟೆಯೊಳಗೆ ಬಂದಿದ್ದರೆ ಉಳಿಯುವ ಸಾಧ್ಯತೆ ಹೆಚ್ಚಿತ್ತಂತೆ. ಇನ್ನೊಂದು ಹಾಗೆ ತಿರುಚದಿರಲಿ ಎಂದು ಅದನ್ನು ಹೊಲಿದು ನಿಲ್ಲಿಸಿದ್ದಾರೆ.

ಅವನಿಗೆ ಆ ಅಂಗದ ಹೆಸರನ್ನು ತಾಯಿಯ ಮುಂದೆ ಹೇಳಲು ಬಾಯಿ ಬರಲಿಲ್ಲ. ಏಕೆಂದರೆ ನಾನು ಯಾವತ್ತೂ ಅವನಿಗೆ ಆ ಹೆಸರು ಹೇಳಿಕೊಟ್ಟಿರಲಿಲ್ಲ.

ಸಂಚಾಲಕ

ಚರ್ಚೆ ಇಲ್ಲಿಯೇ ಮುಂದುವರಿಯಲಿ.

ಹಾಕಿಹುಚ್ಚ

ಅಕ್ಕ, ಇಷ್ಟು ಹೊತ್ತು ತಮಾಷೆ ಮಾಡಿದ್ದಕ್ಕೆ ಕ್ಷಮಿಸಿ. ನಾನು ಗೋಲ್‌ಕೀಪರ್. ಗಾರ್ಡ್ ಹಾಕಿಕೊಳ್ಳದೆ ಅಭ್ಯಾಸಕ್ಕಿಳಿದು ಒಮ್ಮೆ ಚೆಂಡು ತಗುಲಿತ್ತು. ಪೆಟ್ಟು ಬಿದ್ದದ್ದು ಅಲ್ಲಿ, ಆದರೆ ನೋವು ಹೊಟ್ಟೆಯಲ್ಲಿ ಎದ್ದು ವಾಕರಿಕೆ ಬಂತು. ನಿಮ್ಮ ಮಗ ಹೊಟ್ಟೆನೋವು ಎಂದದ್ದು ಬರೀ ನಾಚಿಕೆಯಿಂದಲ್ಲ, ಅವನಿಗೆ ಹೊಟ್ಟೆಯೂ ನೋಯುತ್ತಿದ್ದಿರಬೇಕು.

ನಿವೃತ್ತಮೇಷ್ಟ್ರು

ಹಾಕಿಹುಚ್ಚರು ಹೇಳಿದ್ದು ಅಕ್ಷರಶಃ ಸರಿ, ಕಾರಣವೂ ಸೊಗಸಾಗಿದೆ. ಭ್ರೂಣದಲ್ಲಿ ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಹತ್ತಿರ. ಅಲ್ಲಿಂದ ಅವು ಕೆಳಗಿಳಿದು, ಹುಟ್ಟುವ ಹೊತ್ತಿಗೆ ಚೀಲವನ್ನು ಸೇರುತ್ತವೆ. ಇಳಿಯುವಾಗ ತಮ್ಮ ನರವನ್ನೂ ರಕ್ತನಾಳವನ್ನೂ ತವರಿನಿಂದ ಎಳೆದುಕೊಂಡೇ ಬರುತ್ತವೆ. ಆದ್ದರಿಂದಲೇ ನೋವಿನ ಸುದ್ದಿ ಹೊಟ್ಟೆಯ ವಿಳಾಸಕ್ಕೆ ಹೋಗುತ್ತದೆ. ಎಡಗಡೆಯ ಅಭಿಧಮನಿ ಇಂದಿಗೂ ಎಡ ಮೂತ್ರಪಿಂಡದ ಅಭಿಧಮನಿಗೇ ಹೋಗಿ ಸೇರುತ್ತದೆ, ಬಲಗಡೆಯದು ನೇರವಾಗಿ ಮಹಾ ಅಭಿಧಮನಿಗೆ. ವೃಷಣದ ಮೇಲಿನ ಅಭಿಧಮನಿಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಡಗಡೆಯೇ ಹೆಚ್ಚಾಗಿ ಕಾಣುವುದಕ್ಕೆ ಈ ಬಳಸುದಾರಿಯೂ ಒಂದು ಕಾರಣ.

ಅವು ಹೊರಗೆ ನೇತಾಡುವುದೇಕೆ ಎಂದರೆ, ವೀರ್ಯಾಣುಗಳು ತಯಾರಾಗಲು ದೇಹದ ಬಿಸಿಗಿಂತ ಎರಡು ಮೂರು ಡಿಗ್ರಿಯಷ್ಟು ತಂಪು ಬೇಕು. ಕೆಳಗಿಳಿಯುವ ಅಪಧಮನಿಯನ್ನು ಮೇಲೇರುವ ಅಭಿಧಮನಿಗಳ ಜಾಲ ಸುತ್ತಿಕೊಂಡು, ಬರುವ ರಕ್ತದ ಬಿಸಿಯನ್ನು ಹೀರಿಕೊಳ್ಳುತ್ತದೆ. ಆ ಜಾಲಕ್ಕೆ ವೈದ್ಯರು ಇಟ್ಟಿರುವ ಹೆಸರಿನ ಲ್ಯಾಟಿನ್ ಮೂಲಕ್ಕೆ ಬಳ್ಳಿಯ ಕುಡಿ ಎಂದೇ ಅರ್ಥ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡಿದವರಿಗೆ ಚಿತ್ರ ಬೇಕಾಗಿಲ್ಲ. ಚಳಿಯಾದಾಗ ಸ್ನಾಯುವೊಂದು ಅವುಗಳನ್ನು ಮೇಲಕ್ಕೆಳೆದುಕೊಳ್ಳುತ್ತದೆ, ಸೆಖೆಯಲ್ಲಿ ಇಳಿಬಿಡುತ್ತದೆ.

ಕುಶಾಲನಗರದವೈದ್ಯ

ಏಲಕ್ಕಿ ಅಕ್ಕನವರೇ, ಒಂದೇ ವೃಷಣ ಆರೋಗ್ಯವಾಗಿದ್ದರೂ ಹಾರ್ಮೋನಿಗಾಗಲೀ ಮಕ್ಕಳಾಗುವುದಕ್ಕಾಗಲೀ ಸಾಮಾನ್ಯವಾಗಿ ಸಾಕಾಗುತ್ತದೆ. ಇದನ್ನು ಮಗನಿಗೆ ಈಗಲೇ ಹೇಳಿ, ಮದುವೆಯ ಮಾತು ಬರುವವರೆಗೆ ಅವನೊಬ್ಬನೇ ಅದನ್ನು ಹೊತ್ತು ತಿರುಗುವುದು ಬೇಡ. ಉಳಿದ ತಾಯಂದಿರಿಗೆ ಒಂದು ಮಾತು: ಮಗುವಿನ ಚೀಲದಲ್ಲಿ ಒಂದು ಬದಿ ಖಾಲಿ ಎನಿಸಿದರೆ, ಆರು ತಿಂಗಳಾದರೂ ಇಳಿಯದಿದ್ದರೆ, ತೋರಿಸಿ. ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಇಳಿಸುವುದು ಒಳ್ಳೆಯದು.

ಸೋಮವಾರಪೇಟೆಹುಡುಗ

ವಯಸ್ಸು 22. ಎಲ್ಲರೂ ಬಿಡಿಸಿ ಬರೆಯುತ್ತಿರುವುದರಿಂದ ಧೈರ್ಯ ಮಾಡಿ ಕೇಳುತ್ತಿದ್ದೇನೆ. ಮಲಬದ್ಧತೆಯಿದ್ದಾಗ ತಿಣುಕಿದರೆ ಬಿಳಿಯ ದ್ರವ ಬರುತ್ತದೆ, ತಿಂಗಳಿಗೆ ಮೂರು ನಾಲ್ಕು ಬಾರಿ ನಿದ್ರೆಯಲ್ಲಿಯೂ ಹೋಗುತ್ತದೆ. ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯವಾಗುತ್ತದೆ ಎಂದು ಓದಿದ್ದೇನೆ. ಲೆಕ್ಕ ಹಾಕಿದರೆ ನನ್ನಲ್ಲಿ ಎಷ್ಟು ಉಳಿದಿದೆ ಎಂದು ಭಯವಾಗುತ್ತದೆ. ಸುಸ್ತು ಇದೆ, ಓದಲು ಮನಸ್ಸಿಲ್ಲ.

ನಿವೃತ್ತಮೇಷ್ಟ್ರು

ತಮ್ಮಾ, ಆ ಲೆಕ್ಕವನ್ನು ಹರಿದು ಬಿಸಾಡು. ವೀರ್ಯ ರಕ್ತವನ್ನು ಭಟ್ಟಿ ಇಳಿಸಿ ಆಗುವಂಥದ್ದಲ್ಲ. ಒಂದು ಬಾರಿಗೆ ಹೊರಬರುವುದು ಎರಡರಿಂದ ಐದು ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಚಮಚ. ಅದರಲ್ಲಿ ಮೂರನೆಯ ಎರಡು ಪಾಲಿನಷ್ಟು ವೀರ್ಯಕೋಶಗಳೆಂಬ ಎರಡು ಗ್ರಂಥಿಗಳ ಸ್ರಾವ, ಉಳಿದುದರಲ್ಲಿ ಬಹುಪಾಲು ಪ್ರಾಸ್ಟೇಟ್ ಗ್ರಂಥಿಯದು, ವೀರ್ಯಾಣುಗಳ ಪಾಲು ನೂರಕ್ಕೆ ಎರಡರಿಂದ ಐದು ಮಾತ್ರ. ಕೊಂಚ ಸಕ್ಕರೆ, ಕೊಂಚ ಸತು, ಕೊಂಚ ಪ್ರೋಟೀನು, ಮಿಕ್ಕಿದ್ದು ನೀರು. ವೃಷಣಗಳು ಪ್ರತಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತವೆ. ಈ ಸಾಲು ಓದುವಷ್ಟರಲ್ಲಿ ಸಾವಿರಾರು ಹೊಸವು ಹುಟ್ಟಿಕೊಂಡವು.

ವೀರ್ಯಾಣುಗಳ ಬೆಳವಣಿಗೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಆಮೇಲೆ ಎಪಿಡಿಡೈಮಿಸ್ ಎಂಬ, ಬಿಡಿಸಿ ಎಳೆದರೆ ಸುಮಾರು ಆರು ಮೀಟರ್ ಉದ್ದವಾಗುವ ಸುರುಳಿಯಲ್ಲಿ ಅವು ಈಜಲು ಕಲಿಯುತ್ತವೆ. ಬಳಕೆಯಾಗದೆ ಉಳಿದವನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಕೂಡಿಟ್ಟರೆ ಗಟ್ಟಿಯಾಗುವ ಬೆಲ್ಲವಲ್ಲ ಅದು.

ಕುಶಾಲನಗರದವೈದ್ಯ

ತಿಣುಕಿದಾಗ ಬರುವುದು, ಗುದನಾಳದ ಮುಂದೆಯೇ ಇರುವ ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳು ಒತ್ತಿಕೊಂಡಾಗ ಜಿನುಗುವ ದ್ರವ. ಮಲಬದ್ಧತೆ ಹೋದರೆ ಅದೂ ಕಡಿಮೆಯಾಗುತ್ತದೆ. ನಿದ್ರಾಸ್ಖಲನ ಆರೋಗ್ಯದ ಲಕ್ಷಣ. ಉರಿ, ಜ್ವರ ಅಥವಾ ಕೀವಿನಂತಹ ಹಳದಿ ಸ್ರಾವವಿದ್ದರೆ ಮಾತ್ರ ಪರೀಕ್ಷೆ ಬೇಕು. ಧಾತು ಹೋಗುತ್ತಿದೆ ಎಂಬ ಭಯದಿಂದಲೇ ಸುಸ್ತು, ನಿದ್ರಾಹೀನತೆ, ಬೇಸರ ಬರುವ ಈ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿಯೇ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಸುಸ್ತು ಸುಳ್ಳಲ್ಲ ತಮ್ಮಾ, ಕಾರಣ ಸುಳ್ಳು. ರಕ್ತಹೀನತೆಯಿದೆಯೇ ಎಂದು ನೋಡಿಸಿಕೊಂಡು, ಮನಸ್ಸಿನ ವೈದ್ಯರಲ್ಲಿಯೂ ಒಮ್ಮೆ ಮಾತಾಡು.

ಜೇನುಕಲ್ಲು

ಇದನ್ನು ಮಾತ್ರ ಒಪ್ಪುತ್ತೇನೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ, ಸ್ವಪ್ನದೋಷ, ಗ್ಯಾರಂಟಿ ಪರಿಹಾರ’ ಎಂದು ಬರೆಸುವವರಿಗೂ ನಾಟಿ ವೈದ್ಯಕ್ಕೂ ಸಂಬಂಧವಿಲ್ಲ. ಅಂತಹ ಜಾಹೀರಾತೇ ಕಾನೂನುಬಾಹಿರ. ಅದನ್ನು ತಡೆಯುವ ಔಷಧ ಮತ್ತು ಚಮತ್ಕಾರಿಕ ಪರಿಹಾರಗಳ ಕಾಯ್ದೆ 1954ರಿಂದಲೇ ಇದೆ. ಆದರೆ ಗೋಡೆಗೆ ಕಾನೂನು ಓದಲು ಬರುವುದಿಲ್ಲ.

ಮಡಿಕೇರಿಮಂಜು

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಕೇಳುತ್ತೇನೆ. ಎರಡು ಹೆರಿಗೆ ಸಿಸೇರಿಯನ್ ಆದವಳು ನಾನು. ಮೂರನೆಯ ಬಾರಿ ಹೊಟ್ಟೆ ಕೊಯ್ಯಿಸಿಕೊಳ್ಳುವ ಬದಲು ನೀವೇ ಸಂತಾನಹರಣದ ಚಿಕ್ಕ ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, ಮನೆಯವರು ‘ಆಮೇಲೆ ಕಾಫಿ ಮೂಟೆ ಎತ್ತಲು ಶಕ್ತಿಯಿರುವುದಿಲ್ಲ’ ಎನ್ನುತ್ತಾರೆ. ಮೂಟೆ ಎತ್ತುವುದು ಕೂಲಿಯವರು, ಅದು ಬೇರೆ ಮಾತು.

ಕುಶಾಲನಗರದವೈದ್ಯ

ಮೂಟೆ ಎತ್ತುವ ಶಕ್ತಿ ಬರುವುದು ಆ ನಾಳದಿಂದಲ್ಲ ಅಮ್ಮ. ಆ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವುದು ವೀರ್ಯಾಣುಗಳು ಸಾಗುವ ನಾಳವನ್ನು ಮಾತ್ರ. ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ಸೇರುವುದು ನೇರವಾಗಿ ರಕ್ತಕ್ಕೆ, ಅದರ ದಾರಿಯನ್ನು ಯಾರೂ ಮುಟ್ಟುವುದಿಲ್ಲ. ನಿಮಿರುವಿಕೆಯ ನರ, ರಕ್ತನಾಳಗಳೂ ಬೇರೆ. ಮೇಷ್ಟ್ರು ಕೊಟ್ಟ ಲೆಕ್ಕದಂತೆ ವೀರ್ಯಾಣುಗಳ ಪಾಲೇ ಅತ್ಯಲ್ಪವಾದ್ದರಿಂದ ಹೊರಬರುವ ವೀರ್ಯದ ಪ್ರಮಾಣದಲ್ಲಿಯೂ ಕಣ್ಣಿಗೆ ಕಾಣುವ ವ್ಯತ್ಯಾಸವಾಗುವುದಿಲ್ಲ. ಹೊಲಿಗೆಯಿಲ್ಲದ ಈಗಿನ ವಿಧಾನವನ್ನು ಚೀನಾದ ಲಿ ಶುನ್‌ಕ್ಯಾಂಗ್ ಎಂಬ ವೈದ್ಯರು 1974ರಲ್ಲಿ ರೂಪಿಸಿದರು. ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ. ಮೂರು ತಿಂಗಳು ಮಾತ್ರ ಬೇರೆ ಮುನ್ನೆಚ್ಚರಿಕೆ ಬೇಕು, ಏಕೆಂದರೆ ಕತ್ತರಿಸಿದ ಜಾಗದ ಆಚೆ ಹಳೆಯ ದಾಸ್ತಾನು ಉಳಿದಿರುತ್ತದೆ. ವೀರ್ಯ ಪರೀಕ್ಷೆಯಲ್ಲಿ ಶೂನ್ಯ ಎಂದು ಬಂದ ಮೇಲೆ ನಿಶ್ಚಿಂತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15–49 ವಯಸ್ಸಿನ ವಿವಾಹಿತೆಯರಲ್ಲಿ ಸಂತಾನ ನಿಯಂತ್ರಣಕ್ಕಾಗಿ ಹೆಂಗಸರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ನೂರಕ್ಕೆ 37.9, ಗಂಡಸರದ್ದನ್ನು ಅವಲಂಬಿಸಿದವರು 0.3.

ಮಡಿಕೇರಿಮಂಜು

ಈ ಉತ್ತರವನ್ನು ಮುದ್ರಿಸಿ ಊಟದ ಮೇಜಿನ ಗಾಜಿನಡಿ ಇಟ್ಟಿದ್ದೇನೆ.

ಏಣಿಮೆಟ್ಟಿಲು (ಸಿದ್ದಾಪುರ)

ನರದ ಬಗ್ಗೆ ಪ್ರಶ್ನೆ ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ತಮ್ಮ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಎದೆಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲ. ಆದರೂ ಮೂತ್ರ ತೆಗೆಯುವ ನಳಿಕೆ (ಕ್ಯಾತಿಟರ್) ಹಾಕುವಾಗ ನಿಮಿರುವಿಕೆ ಆಗುತ್ತಿತ್ತು. ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ, ನಮಗೆ ಮುಜುಗರವಾಗುತ್ತಿತ್ತು. ಇದು ಹೇಗೆ?

ಕುಶಾಲನಗರದವೈದ್ಯ

ಮುಜುಗರ ಪಡಬೇಡಿ, ಅದು ಕೆಳಗಿನ ನರಕೇಂದ್ರ ಜೀವಂತವಾಗಿದೆ ಎಂಬುದರ ಸೂಚನೆ. ಸ್ಪರ್ಶದಿಂದ ಬರುವ ನಿಮಿರುವಿಕೆ ಬೆನ್ನೆಲುಬಿನ ಬುಡದ ತ್ರಿಕಾಸ್ಥಿಯ ಮಟ್ಟದ, ಎರಡರಿಂದ ನಾಲ್ಕನೆಯ ನರಗಳಲ್ಲಿಯೇ ಮುಗಿಯುವ ವ್ಯವಹಾರ; ಮೊಣಕಾಲಿಗೆ ತಟ್ಟಿದರೆ ಕಾಲು ಎಗರಿದಂತೆ, ಮಿದುಳಿನ ಅನುಮತಿ ಬೇಕಿಲ್ಲ. ನೋಟ, ನೆನಪು, ಕಲ್ಪನೆಯಿಂದ ಆಗುವುದಕ್ಕೆ ಮಾತ್ರ ಮಿದುಳಿನಿಂದ ಸಂದೇಶ ಇಳಿಯಬೇಕು. ಸ್ಖಲನವನ್ನು ನಡೆಸುವುದು ಇನ್ನೂ ಮೇಲೆ, ಎದೆಯ ಕೊನೆ ಮತ್ತು ಸೊಂಟದ ಮೊದಲ ಮಟ್ಟದಿಂದ ಹೊರಡುವ ಇನ್ನೊಂದು ನರವ್ಯೂಹ. ಹೆದರಿದಾಗ ಎದೆ ಡವಗುಟ್ಟಿಸುವ ನರವ್ಯೂಹವೂ ಅದೇ. ನಿಮಿರುವಿಕೆಯನ್ನು ಇಳಿಸುವುದೂ ಅದೇ. ‘ಈ ಸಲವೂ ಆಗದಿದ್ದರೆ’ ಎಂಬ ಆತಂಕದಲ್ಲಿ ಮಲಗುವವನ ತೂಬು ತೆರೆಯದಿರುವುದು ಅದರಿಂದಲೇ. ಮದುವೆಮನೆಯಲ್ಲಿ ನಾಲ್ಕು ಪೆಗ್ ಏರಿಸಿ ಬಂದವನ ಕಥೆ ಬೇರೆ. ಮದ್ಯ ಆಸೆಯ ಕಡಿವಾಣವನ್ನು ಸಡಿಲಿಸುತ್ತದೆ, ನರದ ಸಂದೇಶವನ್ನೂ ಮಂದಗೊಳಿಸುತ್ತದೆ.

ಇದರಿಂದ ತೋಟದಮನೆಯವರಿಗೆ ಒಂದು ಪ್ರಶ್ನೆ. ಆರೋಗ್ಯವಂತ ಗಂಡಸಿಗೆ ಕನಸು ಕಾಣುವ ನಿದ್ರೆಯ ಹಂತದಲ್ಲಿ ರಾತ್ರಿಗೆ ಮೂರರಿಂದ ಐದು ಬಾರಿ ತಾನಾಗಿಯೇ ನಿಮಿರುತ್ತದೆ, ಬೆಳಿಗ್ಗೆ ಕಾಣುವುದು ಅದರ ಕೊನೆಯ ಸರದಿ. ಅದು ಸರಿಯಾಗಿದ್ದು ಹೆಂಡತಿಯೊಂದಿಗೆ ಮಾತ್ರ ಆಗದಿದ್ದರೆ ಮನಸ್ಸಿನ ಕಡೆ ನೋಡಬೇಕು. ಅದೂ ಹೋಗಿದ್ದರೆ ರಕ್ತನಾಳ, ನರ, ಹಾರ್ಮೋನುಗಳ ಕಡೆ. ನಿಮ್ಮದು ಯಾವುದು?

ತೋಟದಮನೆ

ಮೂರು ದಿನದಿಂದ ಓದುತ್ತಿದ್ದೇನೆ, ಪುಡಿಯನ್ನು ನಿಲ್ಲಿಸಿದ್ದೇನೆ. ಡಾಕ್ಟರೇ, ಬೆಳಗಿನದೂ ಹೋಗಿದೆ. ಯಾವಾಗಿನಿಂದ ಎಂದು ನೆನಪಿಲ್ಲ, ಯಾರು ಲೆಕ್ಕ ಇಡುತ್ತಾರೆ. ಇನ್ನೊಂದು ವಿಷಯವನ್ನು ಸಂಬಂಧವಿಲ್ಲವೆಂದು ಬರೆದಿರಲಿಲ್ಲ. ತೋಡಿನ ಬದಿಯಿಂದ ಮೇಲಿನ ಕಣಕ್ಕೆ ಹತ್ತುವಾಗ ಕಳೆದ ಚಳಿಗಾಲದಿಂದ ಎದೆ ಹಿಡಿದಂತಾಗುತ್ತದೆ, ಒಂದು ನಿಮಿಷ ಮರಕ್ಕೊರಗಿ ನಿಂತರೆ ಸರಿಹೋಗುತ್ತದೆ. ತೂಕ ಹೆಚ್ಚಿದ್ದರಿಂದ ಎಂದುಕೊಂಡಿದ್ದೆ. ದಿನಕ್ಕೆ ಹತ್ತು ಸಿಗರೇಟು ಸೇದುತ್ತೇನೆ.

ಕುಶಾಲನಗರದವೈದ್ಯ

ಸಂಬಂಧವಿದೆ. ನಾಳೆಯೇ ಹೋಗಿ, ಲಾಡ್ಜಿಗಲ್ಲ, ಆಸ್ಪತ್ರೆಗೆ. ಕೂತಲ್ಲಿಯೇ ಎದೆ ಹಿಡಿದರೆ ನಾಳೆಯವರೆಗೂ ಕಾಯಬೇಡಿ. ಆ ಪುಡಿಯ ವಿಷಯವನ್ನು ಅಲ್ಲಿ ಮೊದಲೇ ಹೇಳಿ, ಮುಚ್ಚಿಡಬೇಡಿ, ಡಬ್ಬಿಯನ್ನೂ ಒಯ್ಯಿರಿ.

ಶಿಶ್ನದ ಅಪಧಮನಿ ಒಂದೆರಡು ಮಿಲಿಮೀಟರ್ ಅಗಲದ್ದು, ಹೃದಯದ ಅಪಧಮನಿ ಮೂರು ನಾಲ್ಕು ಮಿಲಿಮೀಟರ್. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಗೆ, ಕೊಬ್ಬು ಇವುಗಳಿಂದ ನಾಳದ ಒಳಪದರ ಕೆಡುವುದು ಇಡೀ ದೇಹದಲ್ಲಿ ಒಟ್ಟಿಗೆ. ಆದರೆ ತೆಳ್ಳಗಿನ ಪೈಪು ಮೊದಲು ಕಟ್ಟಿಕೊಳ್ಳುತ್ತದೆ. ನಿಮಿರುವಿಕೆಯ ತೊಂದರೆ ಹೃದಯದ ತೊಂದರೆಗಿಂತ ಎರಡು ಮೂರು ವರ್ಷ ಮೊದಲೇ ಕಾಣಿಸಿಕೊಳ್ಳುವುದು ಅಪರೂಪವಲ್ಲ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ನಿವೃತ್ತಮೇಷ್ಟ್ರು

ಒಬ್ಬರೇ ಜೀಪು ಓಡಿಸಿಕೊಂಡು ಹೋಗಬೇಡಿ.

ಬೆಟ್ಟದದಾರಿ

ವಿರಾಜಪೇಟೆಯ ಹತ್ತಿರವೇ ನನ್ನ ಮನೆ. ಬೇಕಾದರೆ ನಾನು ಬರುತ್ತೇನೆ. ಮೊನ್ನೆ ಹಾಗೆ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ತೋಟದಮನೆ

ಹೋಗಿ ಬಂದೆ, ಬೆಟ್ಟದದಾರಿಯವರೇ ಕರೆದುಕೊಂಡು ಹೋದರು. ರಕ್ತದೊತ್ತಡ 160/100. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ 8.9 ಬಂದಿದೆ; ಸಕ್ಕರೆ ಕಾಯಿಲೆಯಿದೆ ಎಂದು ನನಗೆ ತಿಳಿದದ್ದೇ ನಿನ್ನೆ. ಇಸಿಜಿಯಲ್ಲಿ ಏನೋ ಸಣ್ಣ ಬದಲಾವಣೆಯಿದೆಯಂತೆ, ಮೈಸೂರಿನಲ್ಲಿ ಆಂಜಿಯೋಗ್ರಾಮ್ ಮಾಡಿಸಲು ದಿನ ಗೊತ್ತುಮಾಡಿದ್ದಾರೆ. ಡಬ್ಬಿಯನ್ನು ತೋರಿಸಿದಾಗ ಆ ವೈದ್ಯರು ಮುಚ್ಚಳ ತೆರೆದು ಮೂಸಿ ನೋಡಿ, ಏನೂ ಹೇಳದೆ ಕಸದ ಬುಟ್ಟಿಗೆ ಹಾಕಿದರು. ಮೂಲ ಪ್ರಶ್ನೆಯನ್ನು ಹೃದಯದ ವಿಷಯ ತೀರ್ಮಾನವಾದ ಮೇಲೆ ನೋಡೋಣ, ಅದಕ್ಕೂ ದಾರಿಗಳಿವೆ ಎಂದರು. ಮನೆಯವಳು ಇಡೀ ಚರ್ಚೆಯನ್ನು ಓದಿದ್ದಾಳೆ. ಸಿಗರೇಟಿನ ಪೊಟ್ಟಣಗಳು ಒಲೆ ಸೇರಿವೆ, 6,500 ರೂಪಾಯಿಯ ಬಗ್ಗೆ ವಿಚಾರಣೆ ಇನ್ನೂ ನಡೆಯುತ್ತಿದೆ.

ಒಂದು ಸಣ್ಣ ಸಂದೇಹ ಉಳಿದಿದೆ. ನಾಳೆ ಬೆಳಿಗ್ಗೆ ಕೊಬ್ಬಿನಂಶದ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದಾರೆ. ಬೆಲ್ಲ ಹಾಕದ ಕರಿ ಕಾಫಿ ಕುಡಿದರೆ ಅದು ಹೊಟ್ಟೆಗೆ ಲೆಕ್ಕವೇ?

ಕುಶಾಲನಗರದವೈದ್ಯ

ಲೆಕ್ಕ. ನೀರು ಮಾತ್ರ.

ಹಾಕಿಹುಚ್ಚ

ಕಾಫಿ ಬೆಳೆಗಾರರಿಗೆ ಹೀಗೆ ಹೇಳಬಹುದೇ ಡಾಕ್ಟರೇ? ಅಂದ ಹಾಗೆ, ನನ್ನ ಆ ಗೆಳೆಯನೂ ನಾಳೆ ಖಾಲಿ ಹೊಟ್ಟೆಯಲ್ಲಿಯೇ ಹೋಗುತ್ತಿದ್ದಾನೆ.